ಹೊರಗಿನ ಪ್ಯಾಡ್ ದಪ್ಪ, ಒಳಗಿನದು ತೆಳು: ಮನೆಯಲ್ಲೇ ಕಾರಿನ ಬ್ರೇಕ್ ಪ್ಯಾಡ್ ಬದಲಿಸಿದ್ದು

ಕಾರು ನಿಧಾನವಾಗಿ ಹೋಗುವಾಗ ಮುಂದಿನ ಎಡ ಚಕ್ರದಿಂದ ಕೀಂಯ್ ಅಂತ ಒಂದು ಸಣ್ಣ ಸದ್ದು ಬರಲು ಶುರುವಾಗಿತ್ತು. ಬ್ರೇಕ್ ಒತ್ತಿದರೆ ನಿಲ್ಲುತ್ತಿತ್ತು, ಬಿಟ್ಟರೆ ಮತ್ತೆ ಶುರು. ಬ್ರೇಕಿನ ಸದ್ದು ಅಂದರೆ ಒತ್ತಿದಾಗ ಬರಬೇಕು, ಇದೇನು ಉಲ್ಟಾ ಅಂತ ಅನ್ನಿಸುತ್ತೆ ಅಲ್ವಾ? ಆದರೆ ಇದು ಬೇಕಂತಲೇ ಇಟ್ಟಿರುವ ಸದ್ದು. ಬ್ರೇಕ್ ಪ್ಯಾಡ್ ಅಂದರೆ ಚಕ್ರದ ಜೊತೆ ತಿರುಗುವ ಡಿಸ್ಕಿಗೆ ಉಜ್ಜಿ ಕಾರು ನಿಲ್ಲಿಸುವ ತುಂಡು. ಅದರ ಹಿಂದಿರುವ ಉಕ್ಕಿನ ಪ್ಲೇಟಿಗೆ ಒಂದು ಬಾಗಿದ ಪುಟ್ಟ ತಗಡು ಕೂರಿಸಿರುತ್ತಾರೆ. ಪ್ಯಾಡ್ ಸವೆದು 2-3 ಮಿ.ಮೀ. ಉಳಿದಾಗ ಆ ತಗಡಿನ ತುದಿ ತಿರುಗುವ ಡಿಸ್ಕಿಗೆ ತಾಗಿ ಕಿರುಚುತ್ತದೆ. ಬ್ರೇಕ್ ಒತ್ತಿದಾಗ ತಗಡು ಗಟ್ಟಿಯಾಗಿ ಒತ್ತಿಕೊಂಡು ಅದರುವುದು ನಿಲ್ಲುತ್ತದೆ, ಸದ್ದೂ ನಿಲ್ಲುತ್ತದೆ. ಎಲ್ಲ ಕಾರಿನಲ್ಲೂ ಇದು ಇರುವುದಿಲ್ಲ. ಕೆಲವಕ್ಕೆ ವೈರ್ ಇರುವ ಸೆನ್ಸರ್ ಇರುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ. ಕೆಲವಕ್ಕೆ ಎರಡೂ ಇಲ್ಲ.

ಟಾರ್ಚ್ ಹಿಡಿದು ಚಕ್ರದ ಕಡ್ಡಿಗಳ ಸಂದಿಯಿಂದ ಇಣುಕಿ ನೋಡಿದೆ. ಹೊರಗಿನ ಪ್ಯಾಡ್ ಕಾಣಿಸಿತು. ಆರು ಮಿ.ಮೀ. ಆದರೂ ಇರಬಹುದು, ಇನ್ನೂ ಚೆನ್ನಾಗಿಯೇ ಇದೆ. ಹೊಸ ಪ್ಯಾಡಿನಲ್ಲಿ ಉಜ್ಜುವ ಭಾಗ ಸಾಮಾನ್ಯವಾಗಿ 10-12 ಮಿ.ಮೀ. ಇರುತ್ತದೆ. 3 ಮಿ.ಮೀ.ಗೆ ಬಂದರೆ ಬದಲಿಸಬೇಕು. ಆ ಲೆಕ್ಕದಲ್ಲಿ ಇನ್ನೂ ಸಾಕಷ್ಟು ಆಯುಷ್ಯ ಬಾಕಿ ಇದೆ. ಹಾಗಾದರೆ ಕಿರುಚುತ್ತಿರುವುದು ಯಾವುದು?

ಒಳಗಿನದು. ಪ್ರತಿ ಚಕ್ರದಲ್ಲೂ ಡಿಸ್ಕಿನ ಎರಡು ಬದಿಗೆ ಎರಡು ಪ್ಯಾಡ್ ಇರುತ್ತವೆ. ಹೊರಗಿನದು ಮಾತ್ರ ಸುಲಭವಾಗಿ ಕಣ್ಣಿಗೆ ಬೀಳುತ್ತದೆ. ಸಂದಿಯಿಂದ ನೋಡಿ "ಇನ್ನೂ ಬಹಳ ದಿನ ಬರುತ್ತೆ" ಅಂತ ತೀರ್ಮಾನ ಮಾಡುವುದು ಅರ್ಧ ಪರೀಕ್ಷೆ ಅಷ್ಟೇ. ತೊಳೆದ ಮೇಲೂ ಎಡಗಡೆ ರಿಮ್ ಬಲಗಡೆಯದಕ್ಕಿಂತ ಬೇಗ ಕಪ್ಪಾಗುತ್ತಿತ್ತು. ಎರಡೂ ಸೇರಿಸಿ ನೋಡಿದಾಗ ಒಂದು ಗುಮಾನಿ ಬಂತು. ಎಡಗಡೆ ಕ್ಯಾಲಿಪರ್, ಅಂದರೆ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ, ಎಲ್ಲೋ ಹಿಡಿದುಕೊಂಡಿದೆ, ಒಳಗಿನ ಪ್ಯಾಡೊಂದೇ ದುಡಿಯುತ್ತಿದೆ.

ಇದು ಯಾಕೆ ಅಂತ ತಿಳಿಯಬೇಕಾದರೆ ಕ್ಯಾಲಿಪರ್ ಕೆಲಸ ಮಾಡುವ ರೀತಿ ಗೊತ್ತಿರಬೇಕು. ಮಾಮೂಲಿ ಕಾರುಗಳ ಮುಂದಿನ ಬ್ರೇಕಿನಲ್ಲಿ ಪಿಸ್ಟನ್ ಇರುವುದು ಒಳಬದಿಗೆ ಮಾತ್ರ. ಪೆಡಲ್ ಒತ್ತಿದಾಗ ಆಯಿಲ್ ಒತ್ತಡಕ್ಕೆ ಪಿಸ್ಟನ್ ಮುಂದೆ ಬಂದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಡಿಸ್ಕು ಪಕ್ಕಕ್ಕೆ ಸರಿಯುವುದಿಲ್ಲ. ಹಾಗಾಗಿ ಕ್ಯಾಲಿಪರೇ ಹಿಂದಕ್ಕೆ ಜಾರಿ, ತನ್ನ ಹೊರಗಿನ ತೋಳಿನಿಂದ ಹೊರಗಿನ ಪ್ಯಾಡನ್ನು ಎಳೆದು ಡಿಸ್ಕಿಗೆ ಒತ್ತುತ್ತದೆ. ಹೀಗೆ ಜಾರಲು ಎರಡು ಸ್ಲೈಡ್ ಪಿನ್‌ಗಳಿವೆ. ಬೆರಳಿನಷ್ಟು ದಪ್ಪದ ಉಕ್ಕಿನ ಕಡ್ಡಿಗಳು, ಗ್ರೀಸ್ ಹಚ್ಚಿ ರಬ್ಬರ್ ಬೂಟಿನೊಳಗೆ ಕೂರಿಸಿದ್ದು. ಈ ಪಿನ್ ಜಾಮ್ ಆದರೆ ಕ್ಯಾಲಿಪರ್ ಜಾರುವುದಿಲ್ಲ. ಪಿಸ್ಟನ್ ಎದುರಿಗಿರುವ ಪ್ಯಾಡ್ ಪೂರ್ತಿ ಭಾರ ಹೊರುತ್ತದೆ, ಬ್ರೇಕ್ ಬಿಟ್ಟ ಮೇಲೂ ಡಿಸ್ಕಿಗೆ ಸವರಿಕೊಂಡೇ ಇರುತ್ತದೆ. ಹೊರಗಿನದು ಆರಾಮಾಗಿರುತ್ತದೆ.

ಆದ್ದರಿಂದ ಪ್ಯಾಡ್ ತರುವಾಗಲೇ ಪಿನ್ ಮತ್ತು ರಬ್ಬರ್ ಬೂಟುಗಳ ಕಿಟ್ ಕೂಡ ತಂದೆ. ಪ್ಯಾಡುಗಳನ್ನು ಒಂದೇ ಚಕ್ರಕ್ಕೆ ಅಂತ ಬದಲಿಸುವಂತಿಲ್ಲ. ಎಡಕ್ಕೆ ಹೊಸದು, ಬಲಕ್ಕೆ ಹಳೆಯದು ಹಾಕಿದರೆ ಒಂದು ಕಡೆ ಹಿಡಿತ ಜಾಸ್ತಿಯಾಗಿ ಬ್ರೇಕ್ ಹಾಕಿದಾಗ ಕಾರು ಪಕ್ಕಕ್ಕೆ ಎಳೆಯುತ್ತದೆ. ಡಬ್ಬಿಯಲ್ಲಿ ನಾಲ್ಕು ಪ್ಯಾಡ್ ಬರುವುದೂ ಅದಕ್ಕೇ. ಜೊತೆಗೆ ಬ್ರೇಕ್ ಕ್ಲೀನರ್ ಸ್ಪ್ರೇ, ಶಾಖ ತಡೆಯುವ ಸಿಲಿಕಾನ್ ಗ್ರೀಸ್, ತಂತಿ ಬ್ರಷ್, ಸಿ-ಕ್ಲ್ಯಾಂಪ್. ಜಾಕ್, ಜಾಕ್ ಸ್ಟ್ಯಾಂಡ್, ಬೋಲ್ಟನ್ನು ಅಳತೆ ಪ್ರಕಾರ ಬಿಗಿಯುವ ಟಾರ್ಕ್ ರಿಂಚ್ ಮೊದಲೇ ಇದ್ದವು. ಟಾರ್ಕ್ ರಿಂಚ್ ಇಲ್ಲದೆ ಬ್ರೇಕ್ ಕೆಲಸಕ್ಕೆ ಕೈ ಹಾಕಬಾರದು ಅನ್ನುವವನು ನಾನು. "ಕೈಗೆ ಗೊತ್ತಾಗುತ್ತೆ ಬಿಡಿ" ಅನ್ನುವವರೂ ಇದ್ದಾರೆ. ದಿನವೂ ಅದೇ ಕೆಲಸ ಮಾಡುವ ಕೈಗೆ ಗೊತ್ತಾಗಬಹುದು. ನನ್ನ ಕೈಗೆ ಗೊತ್ತಾಗುವುದಿಲ್ಲ.

ಕಾರು ಎತ್ತುವ ವಿಷಯ ಎಲ್ಲರಿಗೂ ಗೊತ್ತಿರುವುದೇ, ಬೇಗ ಮುಗಿಸುತ್ತೇನೆ. ಸಮತಟ್ಟಾದ ಗಟ್ಟಿ ನೆಲ. ಹ್ಯಾಂಡ್‌ಬ್ರೇಕ್ ಎಳೆದು, ಗೇರಿಗೆ ಹಾಕಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡೆ ಕೊಟ್ಟೆ. ಚಕ್ರದ ನಟ್ಟುಗಳನ್ನು ಕಾರು ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲ ಮಾಡಿಕೊಂಡೆ. ಎತ್ತಿದ ಮೇಲೆ ಜಗ್ಗಾಡಿದರೆ ಕಾರು ಜಾಕಿನಿಂದ ಜಾರುವ ಅಪಾಯ ಇದೆ. ಜಾಕ್ ಹಚ್ಚಿ ಎತ್ತಿ, ಸ್ಟ್ಯಾಂಡ್ ಕೊಟ್ಟು, ಭಾರ ಸ್ಟ್ಯಾಂಡಿಗೆ ಇಳಿಸಿದೆ. ಬಿಚ್ಚಿದ ಚಕ್ರವನ್ನು ಬಾಡಿಯ ಅಡಿಗೆ ಮಲಗಿಸಿಟ್ಟೆ. ಸ್ಟ್ಯಾಂಡ್ ಕೈಕೊಟ್ಟರೂ ಕಾರು ಅದರ ಮೇಲೆ ಕೂರುತ್ತದೆ. ಬರೀ ಜಾಕಿನ ಮೇಲೆ ನಿಂತ ಕಾರಿಗೆ ಕೈ, ಕಾಲು, ತಲೆ ಯಾವುದನ್ನೂ ಒಡ್ಡಬೇಡಿ. ಆಮೇಲೆ ಸ್ಟೀರಿಂಗನ್ನು ಎಡಕ್ಕೆ ಪೂರ್ತಿ ತಿರುಗಿಸಿದೆ. ನನ್ನ ಕಾರಿನಲ್ಲಿ ಹಾಗೆ ಮಾಡಿದರೆ ಕ್ಯಾಲಿಪರಿನ ಹಿಂಬದಿಯ ಬೋಲ್ಟುಗಳು ಎದುರಿಗೇ ಬರುತ್ತವೆ. ಚಕ್ರದ ಗೂಡಿನೊಳಗೆ ತಲೆ ತೂರಿಸುವ ಕಷ್ಟ ತಪ್ಪುತ್ತದೆ.

ಚಕ್ರ ತೆಗೆದ ಕೂಡಲೇ ಅಲ್ಲಿರುವ ಕರಿ ಪುಡಿಯನ್ನು ಉಫ್ ಅಂತ ಊದಬೇಕು ಅನ್ನಿಸುತ್ತದೆ. ಊದಬೇಡಿ, ಏರ್ ಕಂಪ್ರೆಸರ್ ಅಂತೂ ಹಿಡಿಯಲೇಬೇಡಿ. ಹಿಂದೆ ಬ್ರೇಕ್ ಪ್ಯಾಡುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಅದರ ಪುಡಿ ಶ್ವಾಸಕೋಶಕ್ಕೆ ಮಾರಕ. ಹಲವು ದೇಶಗಳು ಅದನ್ನು ನಿಷೇಧಿಸಿವೆ. ಆದರೆ ಹಳೇ ಕಾರಿನಲ್ಲಿ ಯಾರು ಯಾವ ಪ್ಯಾಡ್ ಹಾಕಿದ್ದಾರೆ ಅಂತ ನೋಡಿ ಹೇಳಲಾಗದು. ಆಸ್ಬೆಸ್ಟಾಸ್ ಇಲ್ಲದ ಪ್ಯಾಡಿನ ಪುಡಿಯೂ ಒಳಗೆ ಎಳೆದುಕೊಳ್ಳುವಂಥದ್ದಲ್ಲ. ಮಾಸ್ಕ್ ಹಾಕಿ, ಕ್ಲೀನರ್ ಸ್ಪ್ರೇಯಿಂದ ಒದ್ದೆ ಮಾಡಿ, ಕೆಳಗೆ ತಟ್ಟೆ ಇಟ್ಟು ಇಳಿಸಿದೆ.

ಈಗ ಕ್ಯಾಲಿಪರ್. ಕೆಳಗಿನ ಪಿನ್ನಿನ ಬೋಲ್ಟ್ ಬಿಚ್ಚಿದರೆ, ಮೇಲಿನ ಪಿನ್ನನ್ನೇ ಕೀಲು ಮಾಡಿಕೊಂಡು ಕ್ಯಾಲಿಪರ್ ಮೇಲಕ್ಕೆ ತೆರೆದುಕೊಳ್ಳುತ್ತದೆ. ಬೋಲ್ಟ್ ತಿರುಗಿಸುವಾಗ ಪಿನ್ನೂ ಜೊತೆಗೆ ತಿರುಗುತ್ತದೆ. ಪಿನ್ನಿನ ಕತ್ತನ್ನು ಇನ್ನೊಂದು ತೆಳು ಪಾನಾದಿಂದ ಹಿಡಿದುಕೊಳ್ಳಬೇಕು. ಬೋಲ್ಟ್ ಸುಲಭವಾಗಿಯೇ ಬಂತು. ಆದರೆ ಕ್ಯಾಲಿಪರ್ ಅಲ್ಲಾಡಲಿಲ್ಲ. ಕೈಯಿಂದ ಎಳೆದೆ, ಒಂಚೂರೂ ಇಲ್ಲ. ಕ್ಯಾಲಿಪರಿಗೂ ಅದನ್ನು ಹೊತ್ತಿರುವ, ಅಲ್ಲಾಡದ ಬ್ರಾಕೆಟ್ಟಿಗೂ ನಡುವೆ ಉದ್ದನೆಯ ಚಪ್ಪಟೆ ಸ್ಕ್ರೂಡ್ರೈವರ್ ತೂರಿಸಿ ನಿಧಾನವಾಗಿ ಮೀಟಿದ ಮೇಲೆ ಗರ್ ಅಂತ ತೆರೆಯಿತು.

ಪ್ಯಾಡುಗಳನ್ನು ಹೊರಗೆ ತೆಗೆದು ಅಂಗೈ ಮೇಲೆ ಇಟ್ಟು ನೋಡಿದೆ. ಹೊರಗಿನದು ಆರು ಮಿ.ಮೀ. ಹತ್ತಿರ. ಒಳಗಿನದು ಒಂದು ತುದಿಯಲ್ಲಿ ಎರಡಕ್ಕಿಂತ ಕಮ್ಮಿ, ಇನ್ನೊಂದು ತುದಿಯಲ್ಲಿ ಮೂರು. ಪಕ್ಕದಿಂದ ನೋಡಿದರೆ ಓರೆ. ಮೇಲಿನ ತುದಿ ಜಾಸ್ತಿ ಸವೆದಿತ್ತು, ಹಾಗಾದರೆ ಹಿಡಿದಿರುವುದು ಮೇಲಿನ ಪಿನ್ನಿರಬೇಕು ಅಂದುಕೊಂಡೆ. ಸದ್ದು ಮಾಡುತ್ತಿದ್ದ ಪುಟ್ಟ ತಗಡಿನ ತುದಿ ಡಿಸ್ಕಿಗೆ ಉಜ್ಜಿ ಉಜ್ಜಿ ಕನ್ನಡಿಯಂತೆ ಹೊಳೆಯುತ್ತಿತ್ತು. ಹಳೆ ಪ್ಯಾಡನ್ನು ಬಿಸಾಡುವ ಮೊದಲು ಹೀಗೆ ಒಂದೊಂದಾಗಿ ನೋಡುವುದು ಬಹಳ ಮುಖ್ಯ. ಎರಡೂ ಸಮವಾಗಿ ಸವೆದಿದ್ದರೆ ಕ್ಯಾಲಿಪರ್ ಆರೋಗ್ಯವಾಗಿದೆ. ಒಳಗಿನದು ಮಾತ್ರ ತೆಳುವಾಗಿದ್ದರೆ ಪಿನ್ನೋ ಪಿಸ್ಟನ್ನೋ ಹಿಡಿದಿದೆ. ಓರೆಯಾಗಿದ್ದರೆ ಒಂದು ಪಿನ್ ಹಿಡಿದು ಇನ್ನೊಂದು ಜಾರುತ್ತಿದೆ, ಇಲ್ಲವೇ ಪ್ಯಾಡಿನ ಕಿವಿ (ಬ್ರಾಕೆಟ್ಟಿನಲ್ಲಿ ಕೂರುವ ತುದಿ) ಸಿಕ್ಕಿಕೊಂಡಿದೆ. ಇದನ್ನೆಲ್ಲ ನೋಡದೆ ಹೊಸ ಪ್ಯಾಡ್ ತುರುಕಿ ಚಕ್ರ ಹಾಕಿಬಿಟ್ಟರೆ ಅದೂ ಬೇಗ ಹೀಗೇ ಸವೆಯುತ್ತದೆ. ಆಗ ಪ್ಯಾಡ್ ಕಂಪನಿಯನ್ನು ಬೈಯುತ್ತೇವೆ.

ಕ್ಯಾಲಿಪರನ್ನು ಪೂರ್ತಿ ಬಿಡಿಸಿ, ತಂತಿಯಲ್ಲಿ ಕಟ್ಟಿ ಸಸ್ಪೆನ್ಷನ್ ಸ್ಪ್ರಿಂಗಿಗೆ ನೇತುಹಾಕಿದೆ. ಅದನ್ನು ಬ್ರೇಕ್ ಹೋಸಿನ ಮೇಲೆ ಜೋತುಬಿಡಬಾರದು. ಹೋಸ್ ಒಳಗೊಳಗೇ ಹರಿಯಬಹುದು, ಹೊರಗಿನಿಂದ ಏನೂ ಕಾಣುವುದಿಲ್ಲ.

ಮೇಲಿನ ಪಿನ್ ಬ್ರಾಕೆಟ್ಟಿನೊಳಗೆ ಭದ್ರವಾಗಿ ಕೂತಿತ್ತು. ರಬ್ಬರ್ ಬೂಟಿನ ಮಡಿಕೆಯಲ್ಲಿ ಉಗುರಿನಷ್ಟು ಉದ್ದ ಸೀಳು. ಅಲ್ಲಿಂದ ನೀರು, ಮಣ್ಣು ಹೋಗಿದೆ. ತಲೆಗೆ ಪಾನಾ ಹಾಕಿ ಸ್ವಲ್ಪ ಬಲಕ್ಕೆ, ಸ್ವಲ್ಪ ಎಡಕ್ಕೆ ತಿರುಗಿಸುತ್ತಾ ಹೊರಕ್ಕೆ ಎಳೆದೆ. ಇದಕ್ಕೆ ಅವಸರ ಮಾಡಬಾರದು, ಸುತ್ತಿಗೆ ಹಿಡಿಯಬಾರದು. ಮೊದಮೊದಲು ಪಿನ್ ಬರೀ ಕಿರಕಿರ ಅನ್ನುತ್ತಿತ್ತು. ಆಮೇಲೆ ಕೂದಲೆಳೆಯಷ್ಟು ಹೊರಬಂತು. ತಿರುಗಿಸುವುದು, ಎಳೆಯುವುದು, ಮತ್ತೆ ಒಳಗೆ ತಳ್ಳುವುದು, ಮತ್ತೆ ತಿರುಗಿಸುವುದು. ತೋಳು ನೋಯತೊಡಗಿದ ಹೊತ್ತಿಗೆ ಪುಳಕ್ ಅಂತ ಕಿತ್ತು ಬಂತು. ಗ್ರೀಸ್ ಅನ್ನುವುದು ಹೆಸರಿಗೆ ಮಾತ್ರ ಉಳಿದಿತ್ತು. ಒಣಗಿ ಕಂದುಬಣ್ಣದ ಹೆಂಟೆಯಾಗಿತ್ತು. ಪಿನ್ನಿನ ನಡುವೆ ತುಕ್ಕಿನ ಉಂಗುರ, ಬೆರಳಾಡಿಸಿದರೆ ಗುಳಿಗಳು ಸಿಗುತ್ತಿದ್ದವು.

ಬರೀ ಮೇಲ್ಮೈ ತುಕ್ಕಾಗಿದ್ದರೆ ನಯವಾದ ಎಮರಿ ಪೇಪರಿನಲ್ಲಿ ಉಜ್ಜಿ ಮತ್ತೆ ಹಾಕಬಹುದು. ಗುಳಿ ಬಿದ್ದ ಪಿನ್ ಹಾಕಬಾರದು, ಮತ್ತೆ ಹಿಡಿದುಕೊಳ್ಳುತ್ತದೆ. ಹೊಸದು ತಂದದ್ದು ಒಳ್ಳೆಯದೇ ಆಯಿತು. ಪಿನ್ ಕೂರುವ ರಂಧ್ರದಲ್ಲೂ ಹಳೇ ಗ್ರೀಸಿನ ಗಸಿ ಕಟ್ಟಿತ್ತು. ತೆಳುವಾದ ಕಡ್ಡಿಗೆ ಬಟ್ಟೆ ಸುತ್ತಿ, ಕ್ಲೀನರಿನಲ್ಲಿ ನೆನೆಸಿ, ಬಟ್ಟೆ ಬೆಳ್ಳಗೆ ಹೊರಬರುವ ತನಕ ತಿರುಗಿಸಿದೆ. ಬೇಸರದ ಕೆಲಸ. ಆದರೆ ನನ್ನ ಲೆಕ್ಕದಲ್ಲಿ ಇಡೀ ಕೆಲಸದ ತಿರುಳು ಇದೇ.

ಎರಡು ಪಿನ್ನೂ ನೋಡಲು ಒಂದೇ ಥರ ಇರುತ್ತವೆ, ಆದರೆ ಎಷ್ಟೋ ಕಾರುಗಳಲ್ಲಿ ಒಂದರ ತುದಿಗೆ ರಬ್ಬರ್ ಬುಶ್ ಇರುತ್ತದೆ. ಯಾವುದು ಮೇಲೆ, ಯಾವುದು ಕೆಳಗೆ ಅನ್ನುವುದು ಕಾರಿನಿಂದ ಕಾರಿಗೆ ಬೇರೆ. ಬಿಚ್ಚುವ ಮೊದಲೇ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟಿದ್ದೆ. ಗ್ರೀಸ್ ವಿಷಯದಲ್ಲಿ ರಾಜಿ ಬೇಡ. ಮನೆಯಲ್ಲಿ ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್ ಇರುತ್ತದಲ್ಲ, ಅದು ಪೆಟ್ರೋಲಿಯಂ ಎಣ್ಣೆಯಿಂದ ಮಾಡಿದ್ದು. ಬ್ರೇಕಿನ ರಬ್ಬರ್ ಅದನ್ನು ಕುಡಿದು ಉಬ್ಬುತ್ತದೆ, ಬುಶ್ ಉಬ್ಬಿದರೆ ಪಿನ್ ಮತ್ತೆ ಜಾಮ್. ಸಿಲಿಕಾನ್ ಗ್ರೀಸನ್ನೇ ತೆಳ್ಳಗೆ ಸವರಿದೆ. ಜಾಸ್ತಿ ಮೆತ್ತಿದರೂ ತೊಂದರೆ. ಪಿನ್ ಒಳಗೆ ತಳ್ಳಿದಾಗ ರಂಧ್ರದ ತಳದಲ್ಲಿ ಗಾಳಿ ಸಿಕ್ಕಿಕೊಂಡು, ಕೈ ಬಿಟ್ಟ ಕೂಡಲೇ ಪಿನ್ ನಿಧಾನವಾಗಿ ಹೊರಗೆ ಬರುತ್ತದೆ. ನನಗೂ ಬಂತು. ಬೂಟಿನ ಅಂಚನ್ನು ಬೆರಳಿನಿಂದ ತುಸು ಎತ್ತಿ ಪಿನ್ ಒತ್ತಿದರೆ ಪುಸ್ ಅಂತ ಗಾಳಿ ಹೋಗುತ್ತದೆ, ಪಿನ್ ಅಲ್ಲೇ ನಿಲ್ಲುತ್ತದೆ. ಈಗ ಒಂದೇ ಬೆರಳಿನಲ್ಲಿ ಒಳಗೆ ಹೊರಗೆ ಆಡಿಸಬಹುದಿತ್ತು.

ಬ್ರಾಕೆಟ್ಟಿನಲ್ಲಿ ಪ್ಯಾಡಿನ ಕಿವಿಗಳು ಕೂರುವ ಜಾಗದಲ್ಲಿ ಸ್ಟೀಲಿನ ತೆಳು ಕ್ಲಿಪ್ಪುಗಳಿರುತ್ತವೆ. ಹೊರಗಿನಿಂದ ಶುಭ್ರವಾಗಿ ಕಾಣುತ್ತವೆ. ಆದರೆ ಅವುಗಳ ಅಡಿಯಲ್ಲಿ ಬ್ರಾಕೆಟ್ಟಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕ್ಲಿಪ್ಪನ್ನು ಒಳಕ್ಕೆ ಒತ್ತುತ್ತದೆ. ಆಗ ಪ್ಯಾಡು ಮಳೆಗಾಲದಲ್ಲಿ ಉಬ್ಬಿದ ಬಾಗಿಲಿನ ಹಾಗೆ ಬಿಗಿಯಾಗುತ್ತದೆ. ಕ್ಲಿಪ್ ಕಿತ್ತು, ತಂತಿ ಬ್ರಷ್ಷಿನಲ್ಲಿ ತುಕ್ಕು ಉಜ್ಜಿ ಲೋಹ ಕಾಣುವ ಹಾಗೆ ಮಾಡಿದೆ. ಹೊಸ ಕ್ಲಿಪ್ ಪ್ಯಾಡಿನ ಡಬ್ಬಿಯಲ್ಲೇ ಇದ್ದವು. ಹೊಸ ಪ್ಯಾಡ್ ಇಟ್ಟು ನೋಡಿದರೆ ಬೆರಳಿನಿಂದ ತಳ್ಳಿದಾಗ ಜಾರಬೇಕು. ಸುತ್ತಿಗೆಯಲ್ಲಿ ತಟ್ಟಿ ಕೂರಿಸಬೇಕಾದ ಪ್ಯಾಡ್ ಬ್ರೇಕ್ ಬಿಟ್ಟಾಗ ವಾಪಸ್ ಬರುವುದಿಲ್ಲ. ಬಿಗಿ ಇದ್ದರೆ ಇನ್ನೂ ತುಕ್ಕು ಉಳಿದಿದೆ ಅಂತಲೇ ಅರ್ಥ, ಇಲ್ಲವೇ ಅದು ನಿಮ್ಮ ಕಾರಿನ ಪ್ಯಾಡೇ ಅಲ್ಲ. ಹಳೆಯದರ ಮೇಲೆ ಹೊಸದನ್ನು ಇಟ್ಟು ಆಕಾರ ಹೋಲಿಸಿಕೊಳ್ಳುವುದು ಒಳ್ಳೆಯದು.

ಡಿಸ್ಕನ್ನೂ ನೋಡಿದೆ. ಎಷ್ಟರ ಮಟ್ಟಿಗೆ ಸವೆಯಬಹುದು ಅನ್ನುವ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೇ ಅಚ್ಚು ಹಾಕಿರುತ್ತಾರೆ. ಮೈಕ್ರೋಮೀಟರಿನಲ್ಲಿ ಅಳೆಯುವುದು ಸರಿಯಾದ ಕ್ರಮ. ವರ್ನಿಯರ್ ಹಿಡಿದರೆ ಅಂಚಿನಲ್ಲಿ ಸವೆಯದೆ ಉಳಿದ ಏಣು ಮಧ್ಯೆ ಬಂದು ದಪ್ಪ ಜಾಸ್ತಿ ತೋರಿಸುತ್ತದೆ. ನನ್ನದು ಮಿತಿಯೊಳಗೆ ಇತ್ತು. ಬಿರುಕು ಇರಲಿಲ್ಲ. ಅತಿಯಾಗಿ ಕಾದಾಗ ಬೀಳುವ ನೀಲಿ ಮಚ್ಚೆ ಇರಲಿಲ್ಲ. ಉಗುರು ಸಿಕ್ಕಿಬೀಳುವಷ್ಟು ಆಳದ ಗೆರೆಯೂ ಇರಲಿಲ್ಲ. ಹಾಗಾಗಿ ಎಮರಿ ಪೇಪರಿನಲ್ಲಿ ಎರಡೂ ಮುಖ ಹಗುರಾಗಿ ಉಜ್ಜಿ, ಕ್ಲೀನರಿನಲ್ಲಿ ತೊಳೆದು ಬಿಟ್ಟೆ.

ಪಿಸ್ಟನ್ ಹಿಂದಕ್ಕೆ ತಳ್ಳುವುದು ನನಗೆ ಈ ಕೆಲಸದಲ್ಲೇ ಅತ್ಯಂತ ಇಷ್ಟವಾದ ಭಾಗ. ಹಳೇ ಪ್ಯಾಡ್ ತೆಳುವಾದಂತೆಲ್ಲ ಪಿಸ್ಟನ್ ಮುಂದೆ ಮುಂದೆ ಬಂದು ನಿಂತಿರುತ್ತದೆ. ಹೊಸ ದಪ್ಪ ಪ್ಯಾಡಿಗೆ ಜಾಗ ಬೇಕಾದರೆ ಅದನ್ನು ಒಳಗೆ ಕಳಿಸಬೇಕು. ಪಿಸ್ಟನ್ನಿನ ಸುತ್ತ ಒಂದು ಚೌಕ ಅಂಚಿನ ರಬ್ಬರ್ ಸೀಲ್ ಇದೆ. ಆಯಿಲ್ ಸೋರದಂತೆ ತಡೆಯುವುದು ಅದರ ಒಂದು ಕೆಲಸ ಮಾತ್ರ. ಬ್ರೇಕ್ ಒತ್ತಿದಾಗ ಪಿಸ್ಟನ್ ಮುಂದೆ ಹೋಗುತ್ತದೆ, ಸೀಲ್ ಅದರ ಜೊತೆ ಒಂದಿಷ್ಟು ತಿರುಚಿಕೊಳ್ಳುತ್ತದೆ. ಬಿಟ್ಟಾಗ ಸೀಲ್ ತನ್ನ ಮೊದಲಿನ ಆಕಾರಕ್ಕೆ ಮರಳುತ್ತಾ ಪಿಸ್ಟನ್ನನ್ನೂ ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತದೆ. ಪ್ಯಾಡಿಗೂ ಡಿಸ್ಕಿಗೂ ನಡುವಿನ ಸಂದು ಅಷ್ಟೇ. ಪ್ಯಾಡ್ ಸವೆದಾಗ ಪಿಸ್ಟನ್ ಸೀಲಿನೊಳಗೆ ಚೂರು ಜಾರಿ ಹೊಸ ಜಾಗದಲ್ಲಿ ನಿಲ್ಲುತ್ತದೆ. ಸ್ಪ್ರಿಂಗ್ ಇಲ್ಲ, ಅಡ್ಜಸ್ಟ್ ಮಾಡುವ ಸ್ಕ್ರೂ ಇಲ್ಲ. ಒಂದು ರಬ್ಬರ್ ಬಳೆ ಇಷ್ಟೆಲ್ಲ ಮಾಡುತ್ತದೆ!

ತಳ್ಳುವ ಮೊದಲು ಬಾನೆಟ್ ತೆರೆದು ಬ್ರೇಕ್ ಆಯಿಲ್ ಬಾಟಲಿ ನೋಡಿದೆ. ಪಿಸ್ಟನ್ ಹೊರಬಂದಷ್ಟೂ ಬಾಟಲಿಯ ಆಯಿಲ್ ಕ್ಯಾಲಿಪರಿಗೆ ಇಳಿಯುತ್ತದೆ. ಹಾಗಾಗಿ ಸೋರಿಕೆ ಇಲ್ಲದಿದ್ದರೂ ಪ್ಯಾಡ್ ಸವೆದ ಕಾರಿನಲ್ಲಿ ಮಟ್ಟ ತಗ್ಗಿರುವುದು ಸಹಜ. ನಡುವೆ ಯಾರಾದರೂ ಕಮ್ಮಿ ಆಗಿದೆ ಅಂತ ಮೇಲಿನ ಗೆರೆಯ ತನಕ ತುಂಬಿಸಿದ್ದರೆ, ಈಗ ಪಿಸ್ಟನ್ ತಳ್ಳಿದಾಗ ಅದೆಲ್ಲ ವಾಪಸ್ ಬಂದು ಉಕ್ಕುತ್ತದೆ. ನನ್ನ ಬಾಟಲಿ ಹಾಗೇ ತುಂಬಿತ್ತು. ಹೊಸ ಸಿರಿಂಜಿನಲ್ಲಿ ಒಂದಿಷ್ಟು ಹೀರಿ ತೆಗೆದೆ, ಸುತ್ತ ಬಟ್ಟೆ ಹಾಸಿದೆ. ಬ್ರೇಕ್ ಆಯಿಲ್ ಬಣ್ಣದ ಮೇಲೆ ಬಿದ್ದರೆ ಪೇಂಟ್ ಎದ್ದು ಬರುತ್ತದೆ. ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಬೇಕು.

ಹಳೇ ಪ್ಯಾಡೊಂದನ್ನು ಪಿಸ್ಟನ್ನಿನ ಮುಖಕ್ಕೆ ಅಡ್ಡ ಇಟ್ಟು ಸಿ-ಕ್ಲ್ಯಾಂಪ್ ಬಿಗಿಯುತ್ತಾ ಹೋದೆ. ಕಾಲು ಸುತ್ತು, ಸ್ವಲ್ಪ ಬಿಡುವು, ಮತ್ತೆ ಕಾಲು ಸುತ್ತು. ತಮ್ಮನನ್ನು ಬಾಟಲಿ ಹತ್ತಿರ ನಿಲ್ಲಿಸಿದ್ದೆ. "ಮೇಲೆ ಬರ್ತಿದೆ ಅಣ್ಣ, ಬರ್ತಿದೆ, ಸಾಕು ಸಾಕು" ಅಂತ ವೀಕ್ಷಕ ವಿವರಣೆ ಕೊಡುತ್ತಿದ್ದ. ಪಿಸ್ಟನ್ ಸಲೀಸಾಗಿ ಒಳಗೆ ಹೋಯಿತು. ಅದರ ಸುತ್ತಲಿನ ರಬ್ಬರ್ ಬೂಟೂ ಸರಿಯಾಗಿತ್ತು, ತೇವ ಇರಲಿಲ್ಲ. ಇಲ್ಲಿ ಪಿಸ್ಟನ್ ಬಿಗಿಯಾಗಿದ್ದರೆ, ಬೂಟ್ ಹರಿದಿದ್ದರೆ, ಆಯಿಲ್ ಒಸರಿದ ಗುರುತಿದ್ದರೆ ನಾನು ಅಲ್ಲಿಗೇ ನಿಲ್ಲಿಸಿ ಮೆಕ್ಯಾನಿಕ್ಕನ್ನು ಕರೆಯುತ್ತಿದ್ದೆ. ಕ್ಯಾಲಿಪರ್ ಬಿಚ್ಚಿ ಸೀಲ್ ಬದಲಿಸುವುದು ಬೇರೆಯೇ ಕೆಲಸ.

ಹಿಂದಿನ ಚಕ್ರದಲ್ಲೂ ಡಿಸ್ಕ್ ಇರುವವರು ಇಲ್ಲಿ ಹುಷಾರಾಗಿರಬೇಕು. ಹ್ಯಾಂಡ್‌ಬ್ರೇಕ್ ಕ್ಯಾಲಿಪರಿನೊಳಗೇ ಇದ್ದರೆ ಆ ಪಿಸ್ಟನ್ ಸಾಮಾನ್ಯವಾಗಿ ತಿರುಗಿಸುತ್ತಾ ಒಳಗೆ ಹೋಗುವಂಥದ್ದು. ಕ್ಲ್ಯಾಂಪ್ ಹಾಕಿ ಬಲವಂತ ಮಾಡಿದರೆ ಒಳಗಿನ ಯಂತ್ರ ಮುರಿಯುತ್ತದೆ. ಅದಕ್ಕೆ ಬೇರೆ ಟೂಲ್ ಸಿಗುತ್ತದೆ. ಬಟನ್ ಒತ್ತುವ ಎಲೆಕ್ಟ್ರಾನಿಕ್ ಹ್ಯಾಂಡ್‌ಬ್ರೇಕ್ ಆದರೆ ಮೊದಲು ಸರ್ವೀಸ್ ಮೋಡಿಗೆ ಹಾಕಬೇಕು. ನಾನು ಮಾಡಿದ್ದು ಮುಂದಿನದು ಮಾತ್ರ. ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ, ಮುಂದಿನ ಬ್ರೇಕುಗಳೇ ಹೆಚ್ಚಿನ ಕೆಲಸ ಮಾಡುತ್ತವೆ. ಸಾಮಾನ್ಯವಾಗಿ ಮೊದಲು ಸವೆಯುವುದೂ ಅವೇ.

ಜೋಡಿಸುವುದು ಬಿಚ್ಚಿದ್ದರ ಉಲ್ಟಾ. ಸದ್ದು ಮಾಡುವ ತಗಡು ಇರುವ ಪ್ಯಾಡ್ ನನ್ನ ಕಾರಿನಲ್ಲಿ ಒಳಗೆ. ಉಜ್ಜುವ ಮುಖ ಡಿಸ್ಕಿನ ಕಡೆ. ಇದನ್ನೂ ಹೇಳಬೇಕಾ ಅನ್ನಬೇಡಿ, ಉಲ್ಟಾ ಹಾಕಿದವರಿದ್ದಾರೆ. ಪ್ಯಾಡಿನ ಕಿವಿಗಳಿಗೆ, ಪಿಸ್ಟನ್ ತಾಗುವ ಹಿಂಬದಿಗೆ ತೆಳುವಾಗಿ ಬ್ರೇಕ್ ಗ್ರೀಸ್. ಗ್ರೀಸ್ ಕೈಯಲ್ಲಿ ಉಜ್ಜುವ ಮುಖವನ್ನಾಗಲಿ ಡಿಸ್ಕನ್ನಾಗಲಿ ಮುಟ್ಟಬಾರದು ಅಂತ ಕೈಗವಸು ಬದಲಿಸಿಕೊಂಡೆ. ಕ್ಯಾಲಿಪರ್ ಇಳಿಸುವಾಗ ಹೋಸ್ ತಿರುಚಿಕೊಂಡಿಲ್ಲ ಅಂತ ನೋಡಿಕೊಂಡೆ. ಪಿನ್ ಬೋಲ್ಟಿಗೆ ನನ್ನ ಕಾರಿನ ಸರ್ವೀಸ್ ಪುಸ್ತಕದಲ್ಲಿ ಹೇಳಿರುವುದು 30 ನ್ಯೂಟನ್ ಮೀಟರ್ ಆಸುಪಾಸು, ನಿಜಕ್ಕೂ ಬಹಳ ಕಮ್ಮಿ. ಬ್ರೇಕ್ ಅಲ್ವಾ, ಗಟ್ಟಿಯಾಗಿರಲಿ ಅಂತ ಮೈಮೇಲೆ ಬಿದ್ದು ಬಿಗಿದರೆ ಬೋಲ್ಟ್ ಕತ್ತು ಮುರಿಯುತ್ತದೆ. ಚಕ್ರದ ನಟ್ಟಿಗೆ ಸಾಮಾನ್ಯ ಕಾರುಗಳಲ್ಲಿ 80ರಿಂದ 120ರ ತನಕ ಇರುತ್ತದೆ. ನಿಮ್ಮ ಕಾರಿನ ಅಂಕಿಯನ್ನು ನಿಮ್ಮ ಪುಸ್ತಕದಲ್ಲೇ ನೋಡಿ. ಚಕ್ರದ ನಟ್ಟುಗಳನ್ನು ಎದುರುಬದುರಾಗಿ ಬಿಗಿದೆ, ಕೊನೆಯ ಬಿಗಿ ಕಾರು ನೆಲಕ್ಕೆ ಇಳಿದ ಮೇಲೆ.

ಬಲಗಡೆ ಚಕ್ರ ಬಿಚ್ಚಿದ್ದು ಎಡಗಡೆ ಪೂರ್ತಿ ಮುಗಿದ ಮೇಲೆಯೇ. ಒಂದು ಕಡೆ ಜೋಡಿಸಿದ್ದೇ ಇದ್ದರೆ ಅನುಮಾನ ಬಂದಾಗ ಹೋಗಿ ನೋಡಿಕೊಳ್ಳಬಹುದು. ಬಲಗಡೆ ಪ್ಯಾಡುಗಳು ಎರಡೂ ಹೆಚ್ಚುಕಮ್ಮಿ ಸಮ, ನಾಲ್ಕೂವರೆ ಮಿ.ಮೀ. ಸುತ್ತಮುತ್ತ. ಪಿನ್ನುಗಳು ಬೆಣ್ಣೆಯಂತೆ ಜಾರುತ್ತಿದ್ದವು. ಆದರೂ ತೆಗೆದು ಒರೆಸಿ ಹೊಸ ಗ್ರೀಸ್ ಹಾಕಿದೆ. ಎಡಗಡೆಗೆ ಹಿಡಿದ ಹೊತ್ತಿನ ಕಾಲುಭಾಗವೂ ಇದಕ್ಕೆ ಬೇಕಾಗಲಿಲ್ಲ.

ಇನ್ನು ಮರೆಯಲೇಬಾರದ ಒಂದು ಸಂಗತಿ. ಪಿಸ್ಟನ್ನುಗಳು ಈಗ ಪೂರ್ತಿ ಒಳಗಿವೆ, ಪ್ಯಾಡಿಗೂ ಪಿಸ್ಟನ್ನಿಗೂ ನಡುವೆ ಖಾಲಿ ಜಾಗ ಇದೆ. ಈ ಸ್ಥಿತಿಯಲ್ಲಿ ಕಾರು ಓಡಿಸಿದರೆ ಮೊದಲ ಸಲ ಒತ್ತಿದಾಗ ಬ್ರೇಕೇ ಇರುವುದಿಲ್ಲ. ತಮ್ಮನನ್ನು ಸೀಟಿನಲ್ಲಿ ಕೂರಿಸಿ, ಎಂಜಿನ್ ಆನ್ ಮಾಡದೆ ಪೆಡಲ್ ಒತ್ತು ಅಂದೆ.

"ಅಣ್ಣಾ, ಇದು ಸೀದಾ ಕೆಳಗೆ ಹೋಯ್ತು!"

"ಹೋಗಲಿ. ಬಿಟ್ಟು ಮತ್ತೆ ಒತ್ತು. ನಿಧಾನಕ್ಕೆ."

"ಇನ್ನೂ ಮೆತ್ತಗಿದೆ... ಈಗ ಸ್ವಲ್ಪ ಪರವಾಗಿಲ್ಲ... ಹಾಂ, ಗಟ್ಟಿಯಾಯ್ತು ನೋಡು."

ಗಟ್ಟಿಯಾದ ಮೇಲೆ ಒತ್ತಿ ಹಿಡಿದಿರಲು ಹೇಳಿ ನೋಡಿದೆ. ಪೆಡಲ್ ಅಲ್ಲೇ ನಿಂತಿತು, ಇಳಿಯಲಿಲ್ಲ. ಸ್ಪಂಜಿನ ಹಾಗೆ ಇದ್ದಿದ್ದರೆ ಲೈನಿನಲ್ಲಿ ಗಾಳಿ ಸೇರಿದೆ ಅಂತ, ನಿಧಾನವಾಗಿ ಇಳಿದಿದ್ದರೆ ಎಲ್ಲೋ ಸೋರುತ್ತಿದೆ ಅಂತ ಅನುಮಾನ ಪಡಬೇಕಿತ್ತು. ನಾನು ಆಯಿಲ್ ಲೈನ್ ಎಲ್ಲೂ ಬಿಚ್ಚಿರಲಿಲ್ಲ. ಪಿಸ್ಟನ್ ತಳ್ಳುವಾಗ ಕ್ಯಾಲಿಪರಿನ ಬ್ಲೀಡರ್ ನಿಪ್ಪಲ್ (ಆಯಿಲ್, ಗಾಳಿ ಹೊರಬಿಡುವ ಪುಟ್ಟ ತಿರುಪು) ತೆರೆದು ಹಳೇ ಆಯಿಲ್ ಹೊರಗೆ ಬಿಡಬೇಕು, ಇಲ್ಲದಿದ್ದರೆ ಕೊಳೆ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಯಂತ್ರ) ಕಡೆಗೆ ಹೋಗುತ್ತದೆ ಅನ್ನುವವರಿದ್ದಾರೆ. ಅದರಲ್ಲಿ ಅರ್ಥ ಇದೆ. ಆದರೆ ಒಂಟಿ ಕೈಯಲ್ಲಿ ಕ್ಲ್ಯಾಂಪೂ ನಿಪ್ಪಲ್ಲೂ ಸಂಭಾಳಿಸುವಾಗ ಗಾಳಿ ಒಳಗೆ ಹೋದರೆ ಅದು ದೊಡ್ಡ ತಲೆನೋವು. ಆಯಿಲ್ ಕಪ್ಪಾಗಿರಲಿಲ್ಲ, ನಾನು ನಿಪ್ಪಲ್ ಮುಟ್ಟಲಿಲ್ಲ.

ಬಾಟಲಿಯ ಮಟ್ಟ ಕೊನೆಗೊಮ್ಮೆ ನೋಡಿ, ಎರಡು ಗೆರೆಗಳ ನಡುವೆ ಇದೆ ಅಂತ ಖಾತ್ರಿ ಮಾಡಿಕೊಂಡೆ. ತುಂಬಿಸುವುದಿದ್ದರೆ ಮುಚ್ಚಳದ ಮೇಲೆ ಬರೆದಿರುವ ಡಾಟ್ ನಂಬರಿನದೇ (ಬ್ರೇಕ್ ಆಯಿಲಿನ ದರ್ಜೆ) ಬೇಕು, ಅದೂ ಸೀಲ್ ಒಡೆಯದ ಡಬ್ಬಿಯಿಂದ. ಡಾಟ್ 3, ಡಾಟ್ 4 ಎರಡೂ ಗಾಳಿಯಿಂದ ತೇವ ಹೀರುತ್ತವೆ. ಡಾಟ್ 4 ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ತನಕ ಕುದಿಯಬಾರದು. ಶೇಕಡಾ 3.7ರಷ್ಟು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಆವಿಯ ಗುಳ್ಳೆ ಏಳುತ್ತದೆ, ಪೆಡಲ್ ಮೆತ್ತಗಾಗುತ್ತದೆ. ಅರ್ಧ ಖಾಲಿಯಾದ ಹಳೇ ಡಬ್ಬಿ ಕಪಾಟಿನಲ್ಲಿದ್ದರೆ ಅದನ್ನು ಬ್ರೇಕಿಗೆ ಹಾಕಬೇಡಿ.

ಹೊಸ ಪ್ಯಾಡನ್ನು ಹಾಕಿದ ಕೂಡಲೇ ನಂಬಬಾರದು. ಪ್ಯಾಡಿನ ವಸ್ತು ಡಿಸ್ಕಿನ ಮೇಲೆ ಒಂದು ತೆಳು ಪದರವಾಗಿ ಸಮವಾಗಿ ಕೂತ ಮೇಲೆಯೇ ಪೂರ್ತಿ ಹಿಡಿತ ಸಿಗುವುದು. ಮೊದಲು ನಡೆಯುವ ವೇಗದಲ್ಲಿ ಬ್ರೇಕ್ ಒತ್ತಿ ನೋಡಿದೆ. ಆಮೇಲೆ ವಾಹನವಿಲ್ಲದ ರಸ್ತೆಯಲ್ಲಿ 60 ಕಿ.ಮೀ. ವೇಗದಿಂದ 15ರ ತನಕ ಹದವಾಗಿ ಇಳಿಸುವುದು, ಪೂರ್ತಿ ನಿಲ್ಲಿಸದೆ ಮತ್ತೆ ವೇಗ ಹಿಡಿಯುವುದು. ಇದನ್ನು ಕೆಲವು ಸಲ ಮಾಡಿ, ನಂತರ ಬ್ರೇಕ್ ಮುಟ್ಟದೆ ಓಡಿಸಿ ತಣ್ಣಗಾಗಲು ಬಿಟ್ಟೆ. ಬ್ರೇಕ್ ಬಿಸಿ ಇರುವಾಗ ನಿಂತು ಪೆಡಲ್ ಒತ್ತಿ ಹಿಡಿದರೆ ಪ್ಯಾಡಿನ ವಸ್ತು ಡಿಸ್ಕಿನ ಒಂದೇ ಜಾಗಕ್ಕೆ ಮೆತ್ತಿಕೊಳ್ಳುತ್ತದೆ, ಆಮೇಲೆ ಬ್ರೇಕ್ ಹಾಕಿದಾಗಲೆಲ್ಲ ಪೆಡಲ್ ನಡುಗುತ್ತದೆ. ನಡುವೆ ಸುಟ್ಟ ವಾಸನೆ ಬಂತು. ಹೊಸ ಪ್ಯಾಡಿಗೆ ಅದು ಮಾಮೂಲು, ತಣ್ಣಗಾದ ಮೇಲೆ ಹೋಯಿತು. 1200 ಕಿಲೋ ತೂಕದ ಕಾರು 100 ಕಿ.ಮೀ. ವೇಗದಿಂದ ಒಮ್ಮೆ ನಿಲ್ಲಬೇಕಾದರೆ ಸುಮಾರು 460 ಕಿಲೋಜೂಲ್ ಶಕ್ತಿ ಬಹುಪಾಲು ಬ್ರೇಕುಗಳಲ್ಲೇ ಶಾಖವಾಗುತ್ತದೆ. 50ರಿಂದ ನಿಲ್ಲಲು ಅದರ ಕಾಲುಭಾಗ ಸಾಕು. ವೇಗ ಅರ್ಧ ಆದರೆ ಶಾಖ ಕಾಲುಭಾಗಕ್ಕೆ ಇಳಿಯುತ್ತದೆ. ಹೊಸ ಪ್ಯಾಡ್ ಪಳಗುವ ತನಕ ಮೆಲ್ಲಗೆ ಓಡಿಸಿ ಅನ್ನುವುದು ಇದಕ್ಕೂ ಸೇರಿಯೇ.

ಕೀಂಯ್ ಸದ್ದು ಹೋಯಿತು, ಅದು ಹೋಗಲೇಬೇಕಿತ್ತು. ನನಗೆ ತಿಳಿಯಬೇಕಾಗಿದ್ದದ್ದು ಪಿನ್ ಕತೆ. ವಾಪಸ್ ಬಂದ ಮೇಲೆ ಎರಡೂ ಮುಂದಿನ ಚಕ್ರಗಳ ರಿಮ್ ಹತ್ತಿರ ಅಂಗೈ ಹಿಡಿದು ಬಿಸಿ ನೋಡಿದೆ. ಡಿಸ್ಕ್ ಮುಟ್ಟಲಿಲ್ಲ, ಮುಟ್ಟಿದರೆ ಚರ್ಮ ಅಲ್ಲೇ ಉಳಿಯುತ್ತದೆ. ಎರಡೂ ಕಡೆ ಒಂದೇ ಹದದ ಬಿಸಿ. ಮೊದಲಾಗಿದ್ದರೆ ಎಡಗಡೆಯದು ಜಾಸ್ತಿ ಕಾಯುತ್ತಿತ್ತು. ಸುಮಾರು 100 ಕಿ.ಮೀ. ಓಡಿದ ಮೇಲೆ ಚಕ್ರದ ನಟ್ಟುಗಳಿಗೆ ಮತ್ತೆ ಟಾರ್ಕ್ ರಿಂಚ್ ಹಾಕಿದೆ, ಒಂದೂ ಸಡಿಲ ಆಗಿರಲಿಲ್ಲ. ಕೆಲವು ತಿಂಗಳು ಬಿಟ್ಟು ಟೈರ್ ಅದಲುಬದಲು ಮಾಡುವಾಗ ಎಡಗಡೆ ಒಳಗಿನ ಪ್ಯಾಡನ್ನು ಕನ್ನಡಿ ಹಿಡಿದು ನೋಡಿದೆ. ಒಳಗಿನದು, ಹೊರಗಿನದು ಎರಡರ ದಪ್ಪವೂ ಸಮ ಇತ್ತು. ರಿಮ್ ಮಾತ್ರ ಎರಡೂ ಕಡೆ ಒಂದೇ ಥರ ಕೊಳಕಾಗಿತ್ತು, ತೊಳೆದೆ.